ಸೋರುವ ಟ್ಯಾಂಕು, ವಿಳಾಸವಿಲ್ಲದ ಬಾಟಲಿ: ಅಳಿಯನಿಗೊಂದು ಬಹಿರಂಗ ಪತ್ರ



"ಮಾವ, ವೇಪಿನ ಟ್ಯಾಂಕು ಸೋರ್ತಾ ಇದೆ, ಎಳೆದರೆ ಸುಟ್ಟ ವಾಸನೆ ಬರ್ತದೆ. ನೀವು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್‌ನವರಲ್ವಾ, ಸ್ವಲ್ಪ ನೋಡಿ" ಎಂದು ಕೇಳಿದ್ದೀಯ. ಅಮ್ಮನಿಗೆ ಹೇಳಬೇಡಿ ಎಂದೂ ಸೇರಿಸಿದ್ದೀಯ. ನಿನ್ನ ಅಮ್ಮನಿಗೆ, ಎಂದರೆ ನನ್ನ ಅಕ್ಕನಿಗೆ, ಹೇಳಿಲ್ಲ, ನಿನ್ನ ಹೆಸರನ್ನು ಇಲ್ಲಿ ಬರೆಯುವುದೂ ಇಲ್ಲ. ಆದರೆ ಉತ್ತರವನ್ನು ನಾಲ್ಕು ಜನ ಓದುವಂತೆಯೇ ಬರೆಯುತ್ತಿದ್ದೇನೆ. ಈ ಪ್ರಶ್ನೆ ನಿನ್ನೊಬ್ಬನದಲ್ಲ. ಐರೋಲಿಯ ಐಟಿ ಪಾರ್ಕುಗಳ ಗೇಟಿನ ಹೊರಗೆ, ಥಾಣೆ ಸ್ಟೇಷನ್ನಿನ ಸೇತುವೆಯ ಕೆಳಗೆ, ಕಲ್ಯಾಣದಿಂದ ಹೊರಡುವ ರಾತ್ರಿಯ ಲೋಕಲಿನ ಬಾಗಿಲಲ್ಲಿ ನಿನ್ನ ವಯಸ್ಸಿನವರ ಕೈಯಲ್ಲಿ ಇದೇ ವೇಪ್ ಎಂಬ ಇ-ಸಿಗರೇಟನ್ನು ನೋಡಿದ್ದೇನೆ. ನಮ್ಮ ಕನ್ನಡದ ಹುಡುಗರೂ ಅವರಲ್ಲಿದ್ದಾರೆ. ಅವರ ಮನೆಯಲ್ಲಿ ಕೇಳುವವರಿಲ್ಲ, ಹೇಳುವವರೂ ಇಲ್ಲ.

ಕೇಳಿದ್ದಕ್ಕೆ ಮೊದಲು ಪೂರ್ತಿ ಉತ್ತರ ಕೊಡುತ್ತೇನೆ. ಬಿಸಾಡು ಎಂದಷ್ಟೇ ಹೇಳಿ ಬಾಯಿ ಮುಚ್ಚಿಸಿದರೆ ನೀನು ನಾಳೆ ಅದೇ ಅಂಗಡಿಯವನ ಹತ್ತಿರ ಹೋಗುತ್ತೀಯ. ಅವನು ಕೌಂಟರಿನ ಕೆಳಗಿನಿಂದ ಹೊಸ ಕಾಯಿಲ್ ತೆಗೆದು ಕೊಟ್ಟು ಕಳಿಸುತ್ತಾನೆ.

ಟ್ಯಾಂಕು ಎಂದರೆ ಏನಿದೆ ಅದರಲ್ಲಿ? ಒಂದು ಗಾಜಿನ ಕೊಳವೆ. ಅದರ ನಡುವೆ ಆವಿ ಮೇಲೇರಲು ಚಿಮಣಿ. ಚಿಮಣಿಯ ಬುಡದಲ್ಲಿ ಬೆರಳ ತುದಿಯಷ್ಟು ಉದ್ದದ ಲೋಹದ ಗೂಡು, ಅದರೊಳಗೆ ಸುರುಳಿ ತಂತಿ, ತಂತಿಯ ಸುತ್ತ ಹತ್ತಿ. ಇಷ್ಟೂ ಸೇರಿದ್ದೇ ಕಾಯಿಲ್. ಗೂಡಿನ ಪಕ್ಕದ ತೂತುಗಳಿಂದ ಲಿಕ್ವಿಡ್ ಹತ್ತಿಗೆ ಇಳಿಯುತ್ತದೆ, ತಂತಿ ಕಾದಾಗ ಆವಿಯಾಗುತ್ತದೆ. ತಂತಿ ಸಾಮಾನ್ಯವಾಗಿ ಕ್ಯಾಂಥಲ್ಲೋ ನೈಕ್ರೋಮೋ ಆಗಿರುತ್ತದೆ. ನಮ್ಮ ಕಾರ್ಖಾನೆಯ ಹೀಟರುಗಳಲ್ಲಿ ಇರುವುದೂ ಅದೇ ಜಾತಿಯ ತಂತಿ. ದೇವರ ಮುಂದಿನ ದೀಪದಲ್ಲಿ ಎಣ್ಣೆ ತೀರಿದ ಕೂಡಲೇ ಬತ್ತಿಯೇ ಉರಿಯತೊಡಗುತ್ತದಲ್ಲ, ನಿನ್ನ ಬಾಯಿಗೆ ಬಂದ ಸುಟ್ಟ ರುಚಿಯೂ ಅದೇ: ಹತ್ತಿ ಒಣಗಿದೆ, ತಂತಿ ಹತ್ತಿಯನ್ನು ಸುಡುತ್ತಿದೆ.

ಹತ್ತಿ ಯಾಕೆ ಒಣಗುತ್ತದೆ ಎಂಬುದಕ್ಕೆ ನಾಲ್ಕೈದು ಕಾರಣಗಳಿವೆ. ಹೊಸ ಕಾಯಿಲ್ ಹಾಕಿದ ತಕ್ಷಣ ಎಳೆದರೆ ಲಿಕ್ವಿಡ್ ಒಳಗೆ ಇಳಿದಿರುವುದಿಲ್ಲ. ಹತ್ತಿಯ ಮೇಲೆ ಕೆಲವು ಹನಿ ಬಿಟ್ಟು, ಟ್ಯಾಂಕು ತುಂಬಿಸಿ, ಹತ್ತು ನಿಮಿಷ ಸುಮ್ಮನೆ ಇಡಬೇಕು. ಲಿಕ್ವಿಡ್ಡಿನಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಗ್ಲಿಸರಿನ್ ಹೆಚ್ಚಾದರೆ ದಪ್ಪಗಾಗಿ ಸಣ್ಣ ತೂತುಗಳಲ್ಲಿ ಇಳಿಯುವುದಿಲ್ಲ. ಒಂದರ ಹಿಂದೊಂದು ಎಳೆಯುತ್ತಲೇ ಇದ್ದರೆ ಹತ್ತಿಗೆ ಮತ್ತೆ ನೆನೆಯಲು ಸಮಯ ಸಿಗುವುದಿಲ್ಲ. ಇನ್ನು ಓಮ್ ನಿಯಮವನ್ನು ನೀನು ಡಿಪ್ಲೊಮಾದಲ್ಲಿ ಓದಿದ್ದೀಯ: 3.7 ವೋಲ್ಟಿಗೆ 1 ಓಮಿನ ಕಾಯಿಲ್ ಹಾಕಿದರೆ ಸುಮಾರು 14 ವ್ಯಾಟ್, ಅರ್ಧ ಓಮಿನದು ಹಾಕಿದರೆ 27. ಕಾಯಿಲಿನ ಮೇಲೆ ಕೆತ್ತಿರುವ ವ್ಯಾಟ್ ಮಿತಿಯನ್ನು ದಾಟಿಸಿದರೆ ಯಾವ ಹತ್ತಿಯೂ ತಾಳುವುದಿಲ್ಲ.

ನೀನು ಕೊಟ್ಟ ಕಾಯಿಲನ್ನು ಚಿಮ್ಮಟದಿಂದ ಬಿಚ್ಚಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆ. ಹೊರಗಿನ ಹತ್ತಿ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ತಂತಿಗೆ ತಾಗಿದ ಒಳಪದರ ಕಪ್ಪಗೆ ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ತಂತಿಯ ಸುತ್ತುಗಳ ನಡುವೆ ಗಟ್ಟಿಯಾದ ಕಪ್ಪು ಅಂಟು ಕುಳಿತಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ. ಅದು ಸಿಹಿಗೆಂದು ಹಾಕಿದ ಸುಕ್ರಲೋಸಿನಂಥ ಪದಾರ್ಥ ಮತ್ತು ಪರಿಮಳದ ಶೇಷ ಕರಕಾಗಿ ಉಳಿದದ್ದು. ಮಾವಿನಹಣ್ಣು, ಐಸ್‌ಕ್ರೀಮು ಎಂದು ಸಿಹಿ ಹೆಚ್ಚಿದ್ದಷ್ಟೂ ಕಾಯಿಲ್ ಬೇಗ ಸಾಯುತ್ತದೆ. ಇದನ್ನು ತೊಳೆದು ಮತ್ತೆ ಹಾಕಲು ಆಗುವುದಿಲ್ಲ. ಸುಟ್ಟ ಹತ್ತಿ ಮತ್ತೆ ಹತ್ತಿಯಾಗುವುದಿಲ್ಲ.

ಸೋರುವಿಕೆ ಇಷ್ಟು ಜಟಿಲವಲ್ಲ. ಬುಡದಲ್ಲಿರುವ ರಬ್ಬರಿನ ಓ-ರಿಂಗ್ ಒಂದು ಕಡೆ ಹರಿದಿತ್ತು, ಕಾಯಿಲ್ ಕೊನೆಯ ಸುತ್ತಿನವರೆಗೆ ಕೂತಿರಲಿಲ್ಲ. ತುಂಬಿಸುವಾಗ ಚಿಮಣಿಯೊಳಗೆ ಹನಿ ಬಿದ್ದರೂ, ಗಾಳಿಯ ಕಿಂಡಿ ತೆರೆದಿಟ್ಟು ಅಡ್ಡ ಮಲಗಿಸಿದರೂ ಸೋರುತ್ತದೆ. ಮೇ ತಿಂಗಳ ಲೋಕಲಿನಲ್ಲಿ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಹೋದರೆ ಶಾಖಕ್ಕೆ ಲಿಕ್ವಿಡ್ ತೆಳುವಾಗುತ್ತದೆ, ಒಳಗಿನ ಗಾಳಿ ಹಿಗ್ಗಿ ಅದನ್ನು ಕೆಳಕ್ಕೆ ನೂಕುತ್ತದೆ. ಗೊರಗೊರ ಸದ್ದು ಬಂದರೆ ಚಿಮಣಿಯಲ್ಲಿ ಲಿಕ್ವಿಡ್ ನಿಂತಿದೆ ಎಂದರ್ಥ, ಟಿಶ್ಯೂ ಸುರುಳಿ ಮಾಡಿ ಒರೆಸಬೇಕು. ಗಾಜು ಮತ್ತು ಲೋಹದ ಭಾಗಗಳನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬ್ಯಾಟರಿಯ ಮೇಲೆ ಕೂರುವ ಹಿತ್ತಾಳೆಯ ತುದಿಯನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ನೀನು ಕೇಳದೇ ಇದ್ದ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿನ್ನ 18650 ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಂಚಿನಲ್ಲಿ ಹರಿದಿದೆ. ಆ ಸೆಲ್ಲಿನ ಇಡೀ ಮೈ ಋಣ ಧ್ರುವ. ಹರಿದ ಜಾಗಕ್ಕೆ ಜೇಬಿನ ಕೀಲಿಕೈಯೋ ನಾಣ್ಯವೋ ತಾಗಿ ಧನ ಧ್ರುವಕ್ಕೂ ಮುಟ್ಟಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡ. ಇನ್ನೊಂದು, ಸೋರಿದ ಲಿಕ್ವಿಡ್ ಕೈಗೆ ಅಂಟಿದರೆ ಕೂಡಲೇ ಸೋಪು ಹಾಕಿ ತೊಳೆ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ನಿನ್ನ ಅಕ್ಕನ ಮಗು ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನದು. ಹಣ್ಣಿನ ಚಿತ್ರವಿರುವ ಬಾಟಲಿ ಅದಕ್ಕೆ ಎಟಕುವ ಜಾಗದಲ್ಲಿ ಇರಲೇಬಾರದು.

ಇಷ್ಟು ರಿಪೇರಿಯ ವಿಷಯ. ಓ-ರಿಂಗ್ ಬದಲಿಸಿ ಸೋರುವುದನ್ನು ನಿಲ್ಲಿಸಬಲ್ಲೆ, ಹೊಸ ಕಾಯಿಲ್ ಹಾಕಿ ಸುಟ್ಟ ರುಚಿ ಹೋಗಲಾಡಿಸಬಲ್ಲೆ. ಆದರೂ ನಾನು ಅದನ್ನು ಮಾಡುವುದಿಲ್ಲ, ಕಾರಣ ಹೇಳುತ್ತೇನೆ ಕೇಳು.

ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಲ್ಲಿ ಒಳಗೆ ಬರುವ ಪ್ರತಿ ಡ್ರಮ್ಮಿನ ಮೇಲೆ ಪದಾರ್ಥದ ಹೆಸರು, ಬ್ಯಾಚ್ ನಂಬರು, ತಯಾರಕರ ವಿಳಾಸ, ಎಷ್ಟು ಶಾಖಕ್ಕೆ ಹೊತ್ತಿಕೊಳ್ಳುತ್ತದೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂಬುದೆಲ್ಲ ಇರಬೇಕು. ಲೇಬಲ್ ಇಲ್ಲದ ಡ್ರಮ್ಮನ್ನು ಗೇಟಿನಿಂದಲೇ ವಾಪಸು ಕಳಿಸುತ್ತೇವೆ. ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಮೇ 26ರಂದೂ 2024ರ ಮೇ 23ರಂದೂ ನಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಸ್ಫೋಟವಾದಾಗ ದೂರದೂರದ ಮನೆಗಳ ಕಿಟಕಿ ಗಾಜು ಒಡೆದದ್ದನ್ನು ನೀನೂ ಕಂಡಿದ್ದೀಯ. ಗೊತ್ತಿರುವ ರಾಸಾಯನಿಕವೇ ಕೈಮೀರಿದರೆ ಏನಾಗುತ್ತದೆಂದು ಈ ಊರಿಗೆ ಗೊತ್ತು. ನಿನ್ನ ಬಾಟಲಿಯ ಮೇಲೆ ಒಂದು ಮಾವಿನಹಣ್ಣಿನ ಚಿತ್ರ, ನೀಲಿ ಅಕ್ಷರದ ಬ್ರ್ಯಾಂಡು, "50 ಎಂ.ಜಿ." ಎಂಬ ಒಂದು ಸಂಖ್ಯೆ ಇದೆ. ತಯಾರಕರ ಹೆಸರಿಲ್ಲ, ವಿಳಾಸವಿಲ್ಲ, ತಾರೀಖಿಲ್ಲ. ಕಾರ್ಖಾನೆಯ ಗೇಟಿನೊಳಗೆ ನಾನು ಬಿಡದ ಪದಾರ್ಥವನ್ನು ನೀನು ಕಾಯಿಸಿ ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಿದ್ದೀಯ. ಅದರ ದಾರಿಯನ್ನು ಸುಗಮ ಮಾಡಿಕೊಡಲು ನನ್ನ ಕೈ ಬರುವುದಿಲ್ಲ.

ಲಿಕ್ವಿಡ್ ಶುದ್ಧವೇ ಇದೆ ಎಂದುಕೊಂಡರೂ ಟ್ಯಾಂಕು ಅದನ್ನು ಶುದ್ಧವಾಗಿ ಉಳಿಸುವುದಿಲ್ಲ. ಹತ್ತಿ ಒಣಗಿ ಶಾಖ ಏರಿದಾಗ ಗ್ಲಿಸರಿನ್ ಒಡೆದು ಅಕ್ರೋಲೀನ್ ಆಗುತ್ತದೆ. ಎಣ್ಣೆ ಹೊತ್ತಿದಾಗ ಅಡುಗೆಮನೆಯಲ್ಲಿ ಕಣ್ಣು ಉರಿಸುವ ಅನಿಲಗಳಲ್ಲಿ ಅದೂ ಒಂದು. ಜೊತೆಗೆ ಫಾರ್ಮಾಲ್ಡಿಹೈಡ್ ಕೂಡ ಹುಟ್ಟುತ್ತದೆ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಮಂದಿ ನಿತ್ಯ ಬಳಸುತ್ತಿದ್ದ ಉಪಕರಣಗಳನ್ನೇ ತಂದು ಪರೀಕ್ಷಿಸಿದರು. ಬಾಟಲಿಯಲ್ಲಿದ್ದಾಗ ಲಿಕ್ವಿಡ್ಡಿನಲ್ಲಿ ಲೋಹ ಬಹಳ ಕಡಿಮೆಯಿತ್ತು. ಟ್ಯಾಂಕಿನಲ್ಲಿ ಕಾಯಿಲ್ ತಾಗಿದ ಮೇಲೆ, ಮತ್ತು ಬಾಯಿಗೆ ಬರುವ ಆವಿಯಲ್ಲಿ, ಸೀಸ, ನಿಕಲ್, ಕ್ರೋಮಿಯಂ ಹೆಚ್ಚಾಗಿ ಸಿಕ್ಕಿದವು. ಮರುವರ್ಷ ಅದೇ ದೇಶದಲ್ಲಿ ವೇಪ್ ಎಳೆದವರಿಗೆ ಶ್ವಾಸಕೋಶದ ಕಾಯಿಲೆ ಹಬ್ಬಿತು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಮುಖ್ಯ ಕಾರಣ ಗಾಂಜಾದ ಸತ್ವವಿದ್ದ ಕಳ್ಳಮಾಲಿನ ಲಿಕ್ವಿಡ್ಡಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಚರ್ಮಕ್ಕೆ ಹಚ್ಚಿದರೆ ತೊಂದರೆ ಕೊಡದ ಪದಾರ್ಥ ಅದು. ನಿನ್ನ ಬಾಟಲಿಯಲ್ಲಿ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಏನಿದೆ ಎಂದು ಹೇಳಬೇಕಾದವನ ವಿಳಾಸವೇ ಬಾಟಲಿಯ ಮೇಲಿಲ್ಲ ಎನ್ನುತ್ತಿದ್ದೇನೆ.

"ಇಂಗ್ಲೆಂಡಿನಲ್ಲಿ ಡಾಕ್ಟರುಗಳೇ ವೇಪ್ ಎಳೆಯಲು ಹೇಳುತ್ತಾರೆ" ಎಂದೆ ನೀನು. ಹೌದು, ಸಿಗರೇಟು ಬಿಡಲಾಗದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಅದನ್ನು ಒಂದು ದಾರಿಯಾಗಿ ಸೂಚಿಸುತ್ತದೆ. ಸಿಗರೇಟಿನ ಹೊಗೆಗಿಂತ ಅದರ ಹಾನಿ ಕಡಿಮೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಟ್ಯಾಂಕು 2 ಮಿಲಿಲೀಟರ್ ಮೀರುವಂತಿಲ್ಲ, ನಿಕೋಟಿನ್ ಇರುವ ಬಾಟಲಿ 10 ಮಿಲಿಲೀಟರ್ ಮೀರುವಂತಿಲ್ಲ, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಮುಚ್ಚಳ ಮಕ್ಕಳಿಗೆ ತೆರೆಯಲಾಗದಂತಿರಬೇಕು, ತುಂಬಿಸುವಾಗ ಸೋರಬಾರದು ಎಂಬುದೂ 2016ರ ಅಲ್ಲಿನ ನಿಯಮದಲ್ಲೇ ಇದೆ. ನಿನ್ನ ಬಾಟಲಿಯ ಸಂಖ್ಯೆ ನಿಜವಾದರೆ ಅದು ಆ ಮಿತಿಯ ಎರಡೂವರೆ ಪಟ್ಟು. ಅಲ್ಲಿನ ಡಾಕ್ಟರರ ಮಾತನ್ನು ಇಲ್ಲಿನ ಬಾಟಲಿಗೆ ಅಂಟಿಸಬೇಡ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯಿದೆ ತಂದಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಯಾವುದಕ್ಕಾದರೂ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳು, ಐವತ್ತು ಸಾವಿರ. ಎಳೆಯುವವನಿಗೆಂದೇ ಬೇರೆ ಶಿಕ್ಷೆ ಅದರಲ್ಲಿ ಇಲ್ಲ. ಆದರೆ ಗೆಳೆಯರಿಗೆಂದು ನಾಲ್ಕು ಬಾಟಲಿ ತಂದು ಹಂಚಿ ದುಡ್ಡು ತೆಗೆದುಕೊಂಡ ದಿನ ನೀನು ಮಾರಾಟಗಾರನಾಗುತ್ತೀಯ. ಪಾನ್ ಅಂಗಡಿಯಲ್ಲಿ ಸಿಗರೇಟು ರಾಜಾರೋಷವಾಗಿ ಸಿಗುವಾಗ ಇದಕ್ಕೆ ಮಾತ್ರ ಏಕೆ ನಿಷೇಧ ಎಂದು ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ. ನನಗೂ ಆ ಸಿಟ್ಟಿದೆ. ಹೆಚ್ಚು ಜನರನ್ನು ಕೊಲ್ಲುವ ವಸ್ತುವನ್ನು ಎಲ್ಲ ಮೂಲೆಯಲ್ಲೂ ಮಾರಲು ಬಿಟ್ಟಿರುವುದು ತಪ್ಪು. ಆ ತಪ್ಪು ಸರಿಯಾಗಬೇಕು. ಆದರೆ ಅದರಿಂದ ನಿನ್ನ ಬಾಟಲಿಗೆ ಲೇಬಲ್ ಬರುವುದಿಲ್ಲ.

ನೀನು ಸಿಗರೇಟು ಬಿಡಲೆಂದೇ ಇದನ್ನು ಹಿಡಿದದ್ದು ನನಗೆ ಗೊತ್ತು. ಈಗ ಎರಡೂ ಉಳಿದುಕೊಂಡಿವೆ ಎಂದು ನೀನೇ ಒಪ್ಪಿಕೊಂಡೆ. ಬಿಡಬೇಕೆಂಬ ಆ ಮನಸ್ಸನ್ನು ನಾನು ಗೌರವಿಸುತ್ತೇನೆ, ಅದಕ್ಕೆ ಸರಿಯಾದ ಸಾಧನ ಬೇಕು ಅಷ್ಟೆ. ನಿಕೋಟಿನ್ ಚೂಯಿಂಗ್ ಗಮ್ 2 ಮಿಲಿಗ್ರಾಮಿನದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ನಿಕೋಟಿನ್ ಬದಲಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇಟ್ಟಿದೆ. ಈ ಗಮ್ಮನ್ನು ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ, ಗುಣವಿಲ್ಲ ಎಂದು ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಜಗಿದು, ಕಾರ ಹತ್ತಿದ ಕೂಡಲೇ ಕೆನ್ನೆಯ ಪಕ್ಕಕ್ಕೆ ಒತ್ತಿಟ್ಟುಕೊಳ್ಳಬೇಕು. ಕಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹಾ ಕಾಫಿ ಬೇಡ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನಿಸುವವರಿಗೆ 4 ಮಿಲಿಗ್ರಾಮಿನದು ಬೇಕಾಗಬಹುದು, ಅದನ್ನು ಡಾಕ್ಟರ್ ಹೇಳಲಿ. ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು ಜೋರಾಗಿರುತ್ತದೆ, ಮೂರು ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ನೀನು ಮನೆಯಲ್ಲಿ ಯಾರ ಮೇಲೆ ರೇಗಿದರೂ ನಾನು ನಿನ್ನ ಅಮ್ಮನಿಗೆ ಸಮಾಧಾನ ಹೇಳುತ್ತೇನೆ.

ಕೇಂದ್ರ ಸರ್ಕಾರದ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356. ಕರೆ ಉಚಿತ. ಮುಂಬಯಿಯ ಟಾಟಾ ಮೆಮೋರಿಯಲ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಕೇಂದ್ರಗಳು. ಇದನ್ನು ಓದುತ್ತಿರುವ ಬೇರೆ ಹುಡುಗರೂ ನಂಬರು ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಹೊದಿಕೆ ಹರಿದ ಆ ಬ್ಯಾಟರಿಯನ್ನು ಮನೆಯ ಕಸದ ಡಬ್ಬಿಗೆ ಹಾಕಬೇಡ, ಕಸದ ಗಾಡಿಯಲ್ಲಿ ಅದುಮಿದರೆ ಬೆಂಕಿ ಹೊತ್ತುತ್ತದೆ. ಧ್ರುವಗಳಿಗೆ ಟೇಪು ಸುತ್ತಿ ಭಾನುವಾರ ನನ್ನ ಹತ್ತಿರ ತಾ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸೋಣ. ಬರುವ ಮೊದಲು ಆ ಸಹಾಯವಾಣಿಗೆ ಒಂದು ಕರೆ ಮಾಡು.

ಇಂತಿ ನಿನ್ನ ಮಾವ,
ಡೊಂಬಿವಲಿ ಪೂರ್ವ