ಮಂಡಿಯೂರಿ ಕಂಡ ಮನೆ

ಮೊಮ್ಮಗಳು ಅಂಬೆಗಾಲಿಡತೊಡಗಿದ್ದೇ ತಡ, ನಮ್ಮ ಮನೆಯ ಸಾಮಾನುಗಳೆಲ್ಲ ಮೇಲೇರತೊಡಗಿದವು. ನನ್ನ ಬಿ.ಪಿ. ಮಾತ್ರೆ ಫ್ರಿಜ್ಜಿನ ನೆತ್ತಿ ಸೇರಿತು. ಫಿನಾಯಿಲ್ ಅಟ್ಟ ಹತ್ತಿತು. ಬೀರುವಿನಲ್ಲಿದ್ದ ನುಸಿಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟೇ ಅಲ್ಲವೆ? ಅದನ್ನು ಎಷ್ಟು ಭದ್ರವಾಗಿ ಬಚ್ಚಿಟ್ಟರೆಂದರೆ ಈಗ ವಾಸನೆ ಮಾತ್ರ ಇದೆ, ಗುಳಿಗೆ ಎಲ್ಲಿದೆಯೋ ಇಟ್ಟವರಿಗೂ ಗೊತ್ತಿಲ್ಲ.

ನನ್ನಾಕೆಯ ಎಲೆಯಡಿಕೆ ತಟ್ಟೆಗೆ ಕೈಹಾಕುವ ಧೈರ್ಯ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ಸೊಸೆಗೆ ಬಂತು.

"ಅತ್ತೆ, ಚಿಕ್ಕ ಮಕ್ಕಳ ಆಟದ ಸಾಮಾನು ಪರೀಕ್ಷೆ ಮಾಡೋಕೆ ಒಂದು ಕೊಳವೆ ಇರತ್ತೆ. ಬಾಯಿ 31.7 ಮಿಲಿಮೀಟರ್ ಅಗಲ. ಅದರೊಳಗೆ ಪೂರ್ತಿ ಇಳಿಯೋದನ್ನ ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು."

"ಅಡಿಕೆ ಆಟದ ಸಾಮಾನಲ್ಲವಲ್ಲಮ್ಮ."

ವಾದ ಗಟ್ಟಿಯಾಗಿಯೇ ಇತ್ತು. ಆದರೂ ತಟ್ಟೆ ಮೇಲೇರಿತು. ಈಗ ಅವಳಿಗೆ ಅಡಿಕೆ ಬೇಕೆನಿಸಿದಾಗಲೆಲ್ಲ ನಾನು ಸ್ಟೂಲು ಹತ್ತಬೇಕು. ಮಗು ಬೀಳದಿರಲೆಂದು ಮಾಡಿದ ಏರ್ಪಾಡಿನಲ್ಲಿ ಮುದುಕ ಬಿದ್ದರೆ ಯಾರು ಹೊಣೆ ಎಂಬುದು ಸೊಸೆಯ ಪಟ್ಟಿಯಲ್ಲಿಲ್ಲ.

ಹಾಗೆಂದು ಪಟ್ಟಿ ತೆಗೆದುಹಾಕುವಂಥದ್ದಲ್ಲ. ನೀರು ತುಂಬಿದ ಬಕೆಟ್ಟಿಗೆ ಮಗು ತಲೆಕೆಳಗಾಗಿ ಬಿದ್ದರೆ ತಾನಾಗಿ ಎದ್ದು ಬರಲಾರದು, ಆ ವಯಸ್ಸಿನಲ್ಲಿ ತಲೆಯೇ ಭಾರ. ಹಾಡುವ ಗೊಂಬೆಯೊಳಗಿನ ಬಿಲ್ಲೆ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟೀತು. "ನಾವೆಲ್ಲ ಬೆಳೀಲಿಲ್ವಾ?" ಎನ್ನುವ ನನ್ನ ವಾರಿಗೆಯವರಿಗೆ ಒಂದು ಮಾತು: ಬೆಳೆದವರು ಮಾತ್ರ ಹಾಗೆ ಕೇಳಲು ಉಳಿದಿದ್ದಾರೆ. ನಮ್ಮಜ್ಜಿಯ ಮನೆಯಲ್ಲಿ ಬಾವಿ, ಬಚ್ಚಲೊಲೆ, ಈಳಿಗೆಮಣೆ ಎಲ್ಲವೂ ಮಗುವಿನ ಕೈಗೆಟುಕುವಂತೆಯೇ ಇದ್ದವು. ಆದರೆ ಜಗಲಿಯ ಮೇಲೆ ಯಾವಾಗಲೂ ಒಬ್ಬ ಸೋದರತ್ತೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಕಣ್ಣು ಬತ್ತಿಯ ಮೇಲೆ, ಕಾಲು ನಮಗೆ ಅಡ್ಡ. ಆ ಅತ್ತೆ ಈಗ ಆನ್‌ಲೈನಿನಲ್ಲಿ ಸಿಗುವುದಿಲ್ಲ. ಸಿಗುವುದು ಮೇಜಿನ ಮೂಲೆಗೆ ಅಂಟಿಸುವ ಸ್ಪಂಜು. ಮೊಮ್ಮಗಳು ಅದನ್ನು ಮೊದಲ ದಿನವೇ ಕಿತ್ತು ಬಾಯಿಗಿಟ್ಟಳು.

"ಮಾವ, ಮಂಡಿಯೂರಿ ಒಂದು ಸುತ್ತು ಬನ್ನಿ. ಮಗುವಿನ ಎತ್ತರದಿಂದ ನೋಡಿದ್ರೇನೇ ಅಪಾಯ ಕಾಣೋದು" ಎಂದಳು ಸೊಸೆ. ನನ್ನ ಮಂಡಿಗೇ ಅಪಾಯ ಎಂದೆ. ಕೇಳಲಿಲ್ಲ. ಸೋಫಾದ ಕೆಳಗೆ ಪೆನ್ನಿನ ಟೋಪಿ, ಚೌಕಾಬಾರದ ಹುಣಸೆಬೀಜ, ಎಂದೋ ಕಳೆದ ನನ್ನ ಕನ್ನಡಕದ ಒಂದು ಕಾಲು ಸಿಕ್ಕವು. ತೆವಳುತ್ತ ಊಟದ ಮೇಜಿನಡಿ ಹೊಕ್ಕು, ಸುಸ್ತಾಗಿ ಅಂಗಾತ ಮಲಗಿದೆ. ಮೇಲೆ ಹಲಗೆಯ ಹಿಂಬದಿಯಲ್ಲಿ ಕೆಂಪು ಕ್ರೆಯಾನಿನಲ್ಲಿ, ಒತ್ತಕ್ಷರ ಒಂದು ಗೇಣು ಕೆಳಗಿಳಿದು, "ಅಪ್ಪ ಕೆಟ್ಟವ್ರು" ಎಂದಿತ್ತು.

ಮಗನನ್ನು ಕರೆದೆ. ಅವನೂ ಮಲಗಿ ಓದಿದ. "ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ಬೈದಿದ್ರಿ" ಎಂದ.

"ಯಾವ ಅಪ್ಪ ಅಂತ ಬರೆದಿಲ್ವಲ್ಲ. ಇರಲಿ, ಹದಿನೇಳೆಂಟ್ಲಿ?"

ಇಂಜಿನಿಯರ್ ಮಗ ಜೇಬಿನ ಮೊಬೈಲು ತಡಕಿದ.

ಅವನಿಗೆಂದೇ ನಾವು ಒಂದು ಕೋಣೆ ಬಿಟ್ಟುಕೊಟ್ಟಿದ್ದೆವು. ಆನೆ ಚಿತ್ರದ ಪರದೆ, ಓದುವ ಮೇಜು, ಗೋಡೆಯ ಮೇಲೆ ಪ್ರಪಂಚದ ನಕ್ಷೆ. ಅಲ್ಲಿ ಅವನದೊಂದು ಗೀಟೂ ಇಲ್ಲ. ಅತ್ತಿದ್ದು, ಮುನಿಸಿಕೊಂಡದ್ದು, ನನ್ನ ಮೇಲೆ ತೀರ್ಪು ಬರೆದದ್ದು ಎಲ್ಲ ಈ ಮೇಜಿನಡಿಯೇ. ನನ್ನಾಕೆಗಂತೂ ಆಗಲೇ ಗೊತ್ತಿತ್ತಂತೆ. ಅವನು ಒಳಗಿದ್ದಾಗ ತಟ್ಟೆಯಲ್ಲಿ ಚಕ್ಕುಲಿ ಇಟ್ಟು, ಮಾತಾಡದೆ ನೆಲದ ಮೇಲೆ ತಳ್ಳಿ ಬರುತ್ತಿದ್ದಳಂತೆ. ಎದುರುಪಕ್ಷಕ್ಕೆ ಆಹಾರ ಸರಬರಾಜು ನಡೆಯುತ್ತಿದ್ದದ್ದು ನನಗೆ ಈಗ ತಿಳಿಯಿತು.

ಅಷ್ಟರಲ್ಲಿ ಮೊಮ್ಮಗಳು ಪಾತ್ರೆಯ ಮುಚ್ಚಳವೊಂದನ್ನು ಎಳೆದುಕೊಂಡು ನಮ್ಮಿಬ್ಬರ ನಡುವೆ ನುಸುಳಿ, ಜಾಗ ಸಾಲದೆಂದು ನನ್ನ ಹೊಟ್ಟೆ ಹತ್ತಿ ಕೂತಳು. ಮಗನಿಗೆ ನಾಚಿಕೆ. "ಸೋಪಿನ ನೀರಲ್ಲಿ ಒರೆಸಿಬಿಡ್ತೀನಿ" ಎಂದು ಎದ್ದ.

"ಮುಟ್ಟಬೇಡ" ಎಂದಳು ನನ್ನಾಕೆ, ಮೇಜಿನಡಿ ಬಗ್ಗಿ. "ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆ. ನಾಳೆ ನಿನ್ನ ಮಗಳೂ ಬರೀಬೇಡ್ವೇನೋ?"