ಕೀಲೆಣ್ಣೆಯ ಪ್ರಕರಣ

ಮೂವತ್ತೊಂದು ವರ್ಷ ಸರಕಾರಿ ಕಾಲೇಜುಗಳಲ್ಲಿ ಗಣಿತವನ್ನು ಬೋಧಿಸಿ, ಆ ಅವಧಿಯಲ್ಲಿ ಏಳು ಸಲ ವರ್ಗಾವಣೆಗೊಂಡು, ಕಡೆಗೆ ಧಾರವಾಡದ ಮಾಳಮಡ್ಡಿಯಲ್ಲಿ ನೆಲೆನಿಂತ ನನ್ನಂಥವನ ಕಿವಿಗೆ ‘ಡಿಫರೆನ್ಶಿಯಲ್’ ಎಂಬ ಶಬ್ದ ಬಿದ್ದರೆ ಕಲನಶಾಸ್ತ್ರದ ಸಮೀಕರಣಗಳೂ, ‘ಟ್ರಾನ್ಸ್‌ಫರ್ ಕೇಸ್’ ಎಂಬುದು ಬಿದ್ದರೆ ಬೆಂಗಳೂರಿನ ಯಾವುದೋ ಮೇಜಿನ ಮೇಲೆ ಧೂಳು ತಿನ್ನುತ್ತ ಕುಳಿತ ಕಡತವೂ ಕಣ್ಣೆದುರು ನಿಲ್ಲುವುದು ಸಹಜವಷ್ಟೆ. ಆದಕಾರಣ, ಅಮೆರಿಕದ ಡೆನ್ವರ್ ನಗರದಲ್ಲಿರುವ ನಮ್ಮ ಮಗ ಒಂದು ಶನಿವಾರ ವಿಡಿಯೋ ಕರೆಯಲ್ಲಿ, “ಅಪ್ಪಾ, ಈ ಸಲ ಊರಿಗೆ ಬಂದಾಗ ಜೀಪಿನ ಡಿಫರೆನ್ಶಿಯಲ್ಲು, ಟ್ರಾನ್ಸ್‌ಫರ್ ಕೇಸು ಎರಡೂ ಮುಗಿಸೇ ಹೋಗ್ತೇನಿ” ಎಂದು ಘೋಷಿಸಿದೊಡನೆ, ನನ್ನ ಪತ್ನಿ ಒಗ್ಗರಣೆಯ ಸೌಟನ್ನು ಹಿಡಿದುಕೊಂಡೇ ಓಡಿಬಂದು, “ರಿಟಾಯರ್ ಆಗಿ ಹನ್ನೆರಡು ವರ್ಷ ಆತು, ಈಗ ಮತ್ತ ಎಲ್ಲಿಗೆ ಹಾಕ್ಯಾರ?” ಎಂದು ಕೇಳಿದಳು.

ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ, ಎಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿರುವ ಊರು. ನಾವು ಆರು ತಿಂಗಳು ಅಲ್ಲಿದ್ದಾಗ ಮಗ ತನ್ನ ಟೊಯೊಟಾ ವಾಹನದಲ್ಲಿ ನಮ್ಮನ್ನು ಯೂಟಾ ಪ್ರಾಂತದ ಮೋಆಬ್ ಎಂಬಲ್ಲಿಗೆ ಕರೆದೊಯ್ದು, ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳ ಮೇಲೆ ವಾಹನವನ್ನು ಆಡಿನ ಹಾಗೆ ಹತ್ತಿಸಿ ಇಳಿಸಿ, “ಹ್ಯಾಂಗದ?” ಎಂದು ಕೇಳಿದ. ಬಾದಾಮಿಯ ಹಾಗಿದೆ ಎಂದೆ. ಧಾರವಾಡದಲ್ಲಿ ಇಪ್ಪತ್ತೆರಡು ವರ್ಷ ಇದ್ದಾಗ ಬಾದಾಮಿಗೆ ಬಾ ಎಂದು ಕರೆದರೆ ಒಮ್ಮೆಯೂ ಬಾರದಿದ್ದವನು ಇವನೇ.

ಅಂಥ ವಿಹಾರಗಳ ತರುವಾಯ ಆತ ಗ್ಯಾರೇಜಿನಲ್ಲಿ ವಾಹನದ ಕೆಳಗೆ ಅನಂತಶಯನನಂತೆ ಪವಡಿಸಿ, ಪಾದದ ಬಳಿ ಸೊಸೆ ಟಾರ್ಚು ಹಿಡಿದು ಲಕ್ಷ್ಮಿಯಂತೆ ಕುಳಿತು, ಮೊಮ್ಮಗ ಕೈಪಿಡಿಯನ್ನು ಪಾರಾಯಣ ಮಾಡುತ್ತಿರಲು, ಎಣ್ಣೆ ಬದಲಿಸುವ ವಿಧಿ ಸಾಂಗವಾಗಿ ನಡೆಯುತ್ತಿತ್ತು. ಆ ವಿಧಿಯ ಮಹಾಸೂತ್ರವೊಂದನ್ನು ಆತ ನನಗೆ ಉಪದೇಶಿಸಿದ್ದ: ಮೊದಲು ತುಂಬುವ ಮೇಲಿನ ಬಿರಡೆಯನ್ನು ಬಿಚ್ಚಬೇಕು, ಆಮೇಲೆ ಬಸಿಯುವ ಕೆಳಗಿನದನ್ನು, ಏಕೆಂದರೆ ಹಳೆಯ ಎಣ್ಣೆಯನ್ನೆಲ್ಲ ಬಸಿದಾದ ಮೇಲೆ ಮೇಲಿನ ಬಿರಡೆ ಬಿಚ್ಚದೆ ಹಟ ಹಿಡಿದರೆ, ಹೊಸ ಎಣ್ಣೆಗೆ ದಾರಿಯಿಲ್ಲದೆ ವಾಹನ ಇದ್ದಲ್ಲೇ ಕೂರುತ್ತದೆ. ನಾನು ತಲೆಯಾಡಿಸಿ ಇದನ್ನು ಒಪ್ಪಿಕೊಂಡಿದ್ದೆನೆಂಬ ಸಂಗತಿಯನ್ನು ಓದುಗರು ದಯವಿಟ್ಟು ಮರೆಯಬಾರದು.

ಡಿಫರೆನ್ಶಿಯಲ್ಲಿನ ತತ್ತ್ವವನ್ನು ನಾನು ಅರಿತದ್ದು ಮಾತ್ರ ಚಕ್ಕಡಿಯಿಂದ. ಚಕ್ಕಡಿಯ ಗಾಲಿಗಳೆರಡೂ ಅಚ್ಚಿನ ಮೇಲೆ ಸ್ವತಂತ್ರವಾಗಿ ತಿರುಗತಕ್ಕವು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಿದರೂ ಎಳೆಯುವುದು ಎತ್ತುಗಳಾದ್ದರಿಂದ ಗಾಲಿಗಾಲಿಗಳಲ್ಲಿ ವ್ಯಾಜ್ಯವಿಲ್ಲ. ಎಂಜಿನ್ನೇ ಅಚ್ಚನ್ನು ಹಿಡಿದು ಎರಡನ್ನೂ ತಿರುಗಿಸತೊಡಗಿದಾಗ ತಕರಾರು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪೆಕರ್ ಎಂಬ ಫ್ರೆಂಚ್ ಯಂತ್ರಜ್ಞ ಉಗಿಬಂಡಿಗಾಗಿ ಹಲ್ಲಿನ ಚಕ್ರಗಳ ಒಂದು ಜೋಡಣೆಯನ್ನು ಹೂಡಿ, ಇಬ್ಬರಿಗೂ ಬಲ ಕೊಟ್ಟು ಅವರವರ ವೇಗವನ್ನು ಅವರವರಿಗೇ ಬಿಟ್ಟ. ಆ ಹಲ್ಲುಗಳು ಒಂದನ್ನೊಂದು ಕಡಿದುಕೊಂಡು ಸಾಯದಿರುವುದು ಎಣ್ಣೆಯ ಪುಣ್ಯದಿಂದ. ನಮ್ಮ ತಂದೆಯವರು ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲೆಸಿ ಅಚ್ಚಿಗೆ ಸವರುತ್ತಿದ್ದರು. ಅದಕ್ಕೆ ಕೀಲೆಣ್ಣೆ ಎಂದು ಹೆಸರು. ಮಗ ಸವರುವ ‘75 ಡಬ್ಲ್ಯೂ 90’ ಎಂಬುದೂ ಕೀಲೆಣ್ಣೆಯೇ. ಕರಿಯ ಬದಲು ಗಂಧಕವನ್ನು ಬೆರೆಸಿರುತ್ತಾರೆ, ಬೆಲೆಯಲ್ಲಿ ತುಪ್ಪಕ್ಕೆ ಸಮ.

ಡಿಸೆಂಬರಿನಲ್ಲಿ ಸೊಸೆ ಮೊಮ್ಮಗನೊಡನೆ ಬಂದಿಳಿದ ಮಗನ ಪೆಟ್ಟಿಗೆಯನ್ನು ಮೊಮ್ಮಗನ ಅಂಗಿಗಳಿರಬಹುದೆಂದು ಬಿಚ್ಚಿದ ಅಜ್ಜಿಗೆ ಸಿಕ್ಕಿದ್ದು ಹದಿನಾಲ್ಕು ಪಾನಾಗಳು. ಅವೆಲ್ಲ ಮಿಲಿಮೀಟರಿನವು. ಅಂಗಳದಲ್ಲಿ ನಿಂತ ನಮ್ಮ ಜೀಪೋ, 1947ರಿಂದೀಚೆಗೆ ಮಹೀಂದ್ರದವರು ಜೋಡಿಸತೊಡಗಿದ ಅಮೆರಿಕದ ವಿಲ್ಲೀಸ್ ವಂಶದ್ದು, ಇಂಚುಗಳಲ್ಲಿ ಅಳೆದು ಮಾಡಿದ್ದು. ಅಮೆರಿಕದಲ್ಲಿರುವ ಮಗ ಜಪಾನಿನ ಅಳತೆಯನ್ನು ಹೊತ್ತು ತಂದರೆ ಧಾರವಾಡದಲ್ಲಿರುವ ಜೀಪು ಅಮೆರಿಕದ ಅಳತೆಯನ್ನು ಬಿಟ್ಟಿರಲಿಲ್ಲ.

ಮರುದಿನ ಮಗ ಗಿರ್ಮಿಟ್ಟು ತಿನ್ನಲು ಒಳಗೆ ಹೋಗಿದ್ದ ಹತ್ತು ನಿಮಿಷಗಳಲ್ಲಿ, ಪುತ್ರವಾತ್ಸಲ್ಯದಿಂದ ಪ್ರೇರಿತನಾದ ನಾನು ಜೀಪಿನಡಿ ತೂರಿ, ಕೈಗೆ ಎಟುಕಿದ ಬಿರಡೆಯೊಂದನ್ನು ತಿರುಗಿಸಿದೆ. ಅದು ಅತ್ಯಂತ ವಿನಯದಿಂದ ಬಿಚ್ಚಿಕೊಂಡಿತು. ಒಡನೆಯೇ ನನ್ನ ತೋಳಿನಿಂದ ಕಂಕುಳವರೆಗೆ ಬಿಸಿಲಿಗೆ ಕಾದ ಎಣ್ಣೆಯ ಅಭ್ಯಂಜನವಾಯಿತು. ಎಣ್ಣೆ ಕಪ್ಪಾಗಿರಬೇಕಷ್ಟೆ, ಇದು ಕೆನೆಗಟ್ಟಿದ ಚಹದ ಬಣ್ಣದ್ದಾಗಿತ್ತು. ಹಿಂದೆ ಮಳೆಗಾಲದಲ್ಲಿ ಹೊಲಕ್ಕೆ ಹೋಗುವಾಗ ಬೆಣ್ಣಿಹಳ್ಳದ ನೀರಿನಲ್ಲಿ ಜೀಪು ನಿಂತಿತ್ತು. ಓಡಿ ಬಿಸಿಯಾದ ಡಿಫರೆನ್ಶಿಯಲ್ಲಿನ ಕವಚ ತಣ್ಣೀರಿನಲ್ಲಿ ಥಟ್ಟನೆ ತಣಿದರೆ, ಒಳಗಿನ ಗಾಳಿ ಕುಗ್ಗಿ, ಉಸಿರುಗಂಡಿಯಿಂದ ನೀರನ್ನು ಎಳೆದುಕೊಂಡು ಎಣ್ಣೆಯನ್ನು ಹೀಗೆ ಮಜ್ಜಿಗೆ ಮಾಡುತ್ತದೆ. ಇದನ್ನು ಮಗ ಆಮೇಲೆ ವಿವರಿಸಿದ. ಆ ಕ್ಷಣದಲ್ಲಿ ವಿವರಣೆಗೆ ಅವಕಾಶವಿರಲಿಲ್ಲ, ಏಕೆಂದರೆ ಗಂಧಕದ ದುರ್ಗಂಧವು ಅಡುಗೆಮನೆಯನ್ನು ಹೊಕ್ಕು, “ಗ್ಯಾಸ್ ಸೋರ್ಲಿಕ್ಕತ್ತದ, ಎಲ್ಲಾರೂ ಹೊರಗ ಬರ್ರಿ!” ಎಂದು ಪತ್ನಿ ಕೂಗಿ, ಸಿಲಿಂಡರು ಮುಚ್ಚಿ, ಅಂಗಳಕ್ಕೆ ಧಾವಿಸಿ, ವಾಸನೆಯ ನಟ್ಟನಡುವೆಯೇ ಬಂದು ನಿಂತಿದ್ದಳು. ಆಕೆಯದು ತಪ್ಪಲ್ಲ, ಸೋರಿದ್ದು ತಿಳಿಯಲೆಂದು ಅಡುಗೆ ಅನಿಲಕ್ಕೆ ಬೆರೆಸುವ ವಾಸನೆಯೂ ಗಂಧಕದ ಕುಲದ್ದೇ.

ಮೇಲಿನ ಬಿರಡೆ ಬಿಚ್ಚಲಿಲ್ಲ. ಇಪ್ಪತ್ತು ವರ್ಷದ ಎರೆಮಣ್ಣು ಅದರ ಚೌಕ ಕುಳಿಯಲ್ಲಿ ಕಲ್ಲಾಗಿತ್ತು. ಮಗ ಒಂದು ಗಂಟೆ ಹೆಣಗಿ, ಇಂಗ್ಲಿಷಿನಲ್ಲಿ ಏನೋ ಅಂದು, ಮೊಮ್ಮಗ ಅದನ್ನು ಪುನರುಚ್ಚರಿಸಿ, ಸೊಸೆ ಇಬ್ಬರನ್ನೂ ಗದರಿಸಿದ ಮೇಲೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಹಳೆಯ ಮಿಸ್ತ್ರಿಗೆ ಕರೆ ಹೋಯಿತು. ಆತ ‘ಚಿಗರಿ’ ಬಸ್ಸಿನಲ್ಲಿ ಬಂದು, ಜೀಪಿಗೆ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಮ್ಯಾಲಿಂದ ಬಿಚ್ಚದ ಕೆಳಗಿಂದ ಯಾರ ಬಿಚ್ಚಿದ್ರಿ?” ಯಾರೂ ಉತ್ತರಿಸಲಿಲ್ಲ, ಎಲ್ಲರೂ ನನ್ನ ತೋಳನ್ನು ನೋಡಿದರು. ಆತ ಮಣ್ಣನ್ನು ಕೆತ್ತಿ ತೆಗೆದು, ಬಿರಡೆಯ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಚೌಕ ಸಲಾಕೆಗೆ ಕೊಳವೆ ಸಿಕ್ಕಿಸಿ, ‘ಸಿದ್ಧಾರೂಢಾ’ ಎಂದು ಜಗ್ಗಿದ. ಬಿರಡೆ ಕಿರ್ರೆಂದಿತು.

ಟ್ರಾನ್ಸ್‌ಫರ್ ಕೇಸಿನ, ಎಂದರೆ ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಅಚ್ಚುಗಳಿಗೆ ಹಂಚುವ ಪೆಟ್ಟಿಗೆಯ ಬಗೆಗೆ ಗುರುಶಿಷ್ಯರಲ್ಲಿ ಚರ್ಚೆಯಾಯಿತು. ಟೊಯೊಟಾದಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬೇರೆ, ಇದರದು ಬೇರೆ ಎಂದ ಮಗ. “ಇದರಾಗ ನಡುವ ತೂತ ಅದಾವ್ರಿ, ಅದರದು ಇದಕ್ಕ, ಇದರದು ಅದಕ್ಕ ಹೋಗತೈತಿ. ಕೂಡಿದ ಮನಿ” ಎಂದ ಮಿಸ್ತ್ರಿ. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ತುಳಸೀಕಟ್ಟೆಯ ಕಡೆ ನೋಡಿದಳು.

ತುಂಬುವ ತೂತು ಕವಚದ ಪಕ್ಕೆಯಲ್ಲಿದ್ದುದರಿಂದ ಡಬ್ಬಿಯಿಂದ ನೇರವಾಗಿ ಸುರಿಯಲಾಗದು. ಅದಕ್ಕೆ ಬೇಕಾದ ಪಂಪು ಡೆನ್ವರಿನ ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿತ್ತು. ಆಗ ನನಗೆ ಅಟ್ಟದ ಮೇಲಿನ ಗೊಟ್ಟ ನೆನಪಾಯಿತು. ಎತ್ತಿನ ಬಾಯಿಗೆ ಔಷಧ ಹೊಯ್ಯಲು ತಂದೆಯವರು ಓರೆಯಾಗಿ ಕತ್ತರಿಸಿ ಇಟ್ಟಿದ್ದ ಬಿದಿರಿನ ನಳಿಗೆ ಅದು. ಮಿಸ್ತ್ರಿ ಅದರ ಬುಡದ ಗೆಣ್ಣಿಗೆ ತೂತು ಕೊರೆದು, ರಬ್ಬರ್ ಕೊಳವೆ ಸಿಕ್ಕಿಸಿ, ಜೀಪಿನ ಬದಿಗೆ ಎತ್ತರದಲ್ಲಿ ಕಟ್ಟಿದ. ಚಳಿಗೆ ಮಂದವಾಗಿದ್ದ ಎಣ್ಣೆಯ ಡಬ್ಬಿಯನ್ನು ಪತ್ನಿ ಹಪ್ಪಳಗಳ ಪಕ್ಕದಲ್ಲಿ ಬಿಸಿಲಿಗಿಟ್ಟಳು. ಅದು ಜೇನಿನಂತೆ ಇಳಿದು, ಕವಚ ತುಂಬಿ, ತೂತಿನ ಅಂಚಿನಿಂದ ಒಂದು ಹನಿ ಹೊರಗೆ ತುಳುಕಿದಾಗ ಮಿಸ್ತ್ರಿ, “ಸಾಕು, ತೇಗತು” ಎಂದು ಬಿರಡೆ ಬಿಗಿದ. ಹಳೆಯ ಎಣ್ಣೆಯನ್ನು ಎಲ್ಲಿಗೆ ಒಪ್ಪಿಸಬೇಕೆಂದು ಮಗ ಫೋನಿನಲ್ಲಿ ಹುಡುಕುತ್ತಿರುವಾಗಲೇ, ನೆರೆಮನೆಯವರು ಒರಲೆ ಹತ್ತಿದ ಬಾಗಿಲುವಾಡಕ್ಕೆ ಬಳಿಯಲೆಂದು ಬಕೆಟ್ಟಿನ ಸಮೇತ ಒಯ್ದಾಗಿತ್ತು.

ಹಿಂತಿರುಗುವ ದಿನ ಮಗ ಪಾನಾಗಳನ್ನೆಲ್ಲ ನನಗೇ ಬಿಟ್ಟು, ಆ ಜಾಗದಲ್ಲಿ ಶೇಂಗಾ ಹಿಂಡಿ, ಕಟಕ ರೊಟ್ಟಿ, ಎರಡು ಕಿಲೋ ಪೇಢೆ, ಅವುಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗೊಟ್ಟವನ್ನೂ ಇಟ್ಟುಕೊಂಡ. ಅಮೆರಿಕದ ಸುಂಕದ ಅಧಿಕಾರಿ ಬಿದಿರನ್ನು ಕಂಡು, ಇದೇನು ವಾದ್ಯವೇ ಎಂದು ಕೇಳಿ, ಮೂಗಿನ ಬಳಿ ಹಿಡಿದು, ತತ್‌ಕ್ಷಣ ಮರಳಿ ಕೊಟ್ಟನಂತೆ. ಪೇಢೆಯನ್ನು ಮಾತ್ರ ಡೆನ್ವರಿನಲ್ಲಿ ಈವರೆಗೆ ಯಾರೂ ತಿಂದಿಲ್ಲವೆಂದು ಸೊಸೆ ಫೋನು ಮಾಡಿದ್ದಳು.