ಕಾಳಿ ಕಣಿವೆಯ ಗೊರಕೆ ಘರಾಣೆಗಳು: ಒಂದು ಶಾಸ್ತ್ರೀಯ ವಿವೇಚನೆ

ಧಾರವಾಡದ ಹಿಂದುಸ್ತಾನಿ ಸಂಗೀತದ ಮೇಲೆ ಗ್ರಂಥಗಳು ಸಾಕಷ್ಟು ಬಂದಿವೆ. ಅದರ ಮಗ್ಗುಲಲ್ಲೇ ಇರುವ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ರಾತ್ರಿಯಿಡೀ ನಡೆಯುವ ಬೈಠಕ್ಕುಗಳನ್ನು ಮಾತ್ರ ವಿದ್ವಾಂಸರು ಕಿವಿಗೆ ಹಾಕಿಕೊಂಡಿಲ್ಲ. ಅವರೂ ಆ ಹೊತ್ತಿಗೆ ಹಾಡುತ್ತಿದ್ದಿರಬೇಕು.

ಮೊದಲು ನಾದೋತ್ಪತ್ತಿ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಗೆ ಕಿರುನಾಲಿಗೆ, ಮೆತ್ತನೆಯ ಅಂಗುಳ ಅದುರುತ್ತವೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಸ್ವರ ಏರುತ್ತದೆ, ಮಗ್ಗುಲಾದರೆ ಇಳಿಯುತ್ತದೆ. ಮದ್ಯ ಈ ಕಲೆಯ ಪೋಷಕ. ಕಾಡಿನ ಮೌನ ಕೇಳಲೆಂದು ದಾಂಡೇಲಿಯ ರೆಸಾರ್ಟಿಗೆ ಬರುವ ಬೆಂಗಳೂರಿಗರು ಎರಡು ಪೆಗ್ಗಿನ ನಂತರ ಕಾಡಿಗೆ ಏನು ಕೇಳಿಸುತ್ತಾರೆಂಬುದನ್ನು ಮಂಗಟ್ಟೆ ಹಕ್ಕಿಗಳೇ ಹೇಳಬೇಕು.

ದಾಂಡೇಲಿ ಊರಿನದು ಹಗಲಿನ ರಾಗ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದ ಮೇಲೆ ನೈಟ್ ಶಿಫ್ಟ್ ಮುಗಿಸಿದವರ ಕಛೇರಿ ಮಟಮಟ ಮಧ್ಯಾಹ್ನಕ್ಕೆ ಸರಿಯಿತು. ಮುಂಡಗೋಡದ ಟಿಬೆಟಿಯನ್ ಕ್ಯಾಂಪು 1966ರದು. ಅಲ್ಲಿ ಬೆಳಗಿನ ಜಾವ ಕೇಳುವ ಮಂದ್ರಸ್ವರ ಭಿಕ್ಷುಗಳ ಪಠಣವೋ, ಪಕ್ಕದ ಕೋಣೆಯ ಪ್ರವಾಸಿಯದೋ ಇತ್ಯರ್ಥವಾಗಿಲ್ಲ. ಹಳಿಯಾಳ ಕುಸ್ತಿಯ ಊರು. ಕತ್ತಿನ ಸುತ್ತಳತೆ 40 ಸೆಂ.ಮೀ. ದಾಟಿದರೆ ತಾಲೀಮಿನಲ್ಲಿ ಶಹಬ್ಬಾಸ್ ಸಿಗುತ್ತದೆ, ವೈದ್ಯರ ಗೊರಕೆ ಪ್ರಶ್ನಾವಳಿಯಲ್ಲಿ ಅದೇ ಅಳತೆಗೆ ಒಂದು ಅಂಕ. ಅಖಾಡ ಬಿಟ್ಟರೂ ಊಟದ ಪ್ರಮಾಣ ಬಿಡದ ಮಾಜಿ ಪೈಲ್ವಾನರು ಎರಡೂ ಕಡೆ ಪಾಸು.

ರಸಿಕರು ತಲೆದೂಗುವುದು ನಡುವಿನ ವಿರಾಮಕ್ಕೆ. ಏರಿ ಏರಿ ಬಂದ ಸ್ವರ ಒಮ್ಮೆಲೆ ನಿಲ್ಲುತ್ತದೆ. ಹತ್ತು ಸೆಕೆಂಡು, ಇಪ್ಪತ್ತು. ಆಮೇಲೆ ಗಕ್ಕನೆ ಸಮಕ್ಕೆ ಬೀಳುತ್ತದೆ. ಇಲ್ಲಿ ಕ್ಷೇತ್ರಕಾರ್ಯಕರ್ತೆಯರು, ಅಂದರೆ ಹೆಂಡತಿಯರು, ನಮ್ಮ ಸಿದ್ಧಾಂತವನ್ನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಅವರು ತಾಳ ಹಾಕುವುದಿಲ್ಲ, ಗಂಡನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಾರೆ. ದುರದೃಷ್ಟವಶಾತ್ ವೈದ್ಯಶಾಸ್ತ್ರವೂ ಅವರ ಪಕ್ಷ. ಅದರ ಪ್ರಕಾರ ಇದು ಸ್ಲೀಪ್ ಅಪ್ನಿಯಾ: ಉಸಿರು ನಿಲ್ಲುವುದು, ಕುಗ್ಗುವುದು ಗಂಟೆಗೆ ಐದು ಸಲ ದಾಟಿದರೆ ಲೆಕ್ಕಕ್ಕೆ ಬರುತ್ತದೆ, 30 ಮುಟ್ಟಿದರೆ ತೀವ್ರ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ಕಲಾವಿದನಿಗೆ ಒಂದೂ ನೆನಪಿರುವುದಿಲ್ಲ. ಉಳಿಯುವುದು ಬೆಳಗಿನ ತಲೆನೋವು, ಮಾತ್ರೆಗೂ ಬಗ್ಗದ ಬಿ.ಪಿ., ಹಗಲಿನ ತೂಕಡಿಕೆ. ಹೃದ್ರೋಗ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಅಣಶಿ ಘಾಟಿನಲ್ಲಿ ಸ್ಟಿಯರಿಂಗ್ ಹಿಡಿದು ತೂಕಡಿಸುವವರನ್ನು ಯಾವ ಘರಾಣೆಗೂ ಸೇರಿಸಿಕೊಳ್ಳಲಾಗದು. ಮಗು ದಿನವೂ ಗೊರೆದರೆ ಬಾಲಪ್ರತಿಭೆಯೆಂದು ಹಿಗ್ಗದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬೇಕು; ಬಹಳ ಸಲ ಅಡ್ಡವಾಗಿರುವುದು ಟಾನ್ಸಿಲ್, ಅಡಿನಾಯ್ಡ್.

ಮಲಗಿದವನ ಉಸಿರು, ಆಮ್ಲಜನಕ, ನಾಡಿಯನ್ನು ರಾತ್ರಿಯಿಡೀ ಅಳೆಯುವ ಪರೀಕ್ಷೆಯಿದೆ. ತೂಕ ಇಳಿಸುವುದೂ ಚಿಕಿತ್ಸೆಯೇ. 1981ರಲ್ಲಿ ಸಿಡ್ನಿಯ ಕಾಲಿನ್ ಸುಲ್ಲಿವನ್, ಮೂಗಿನ ಮುಖವಾಡದಿಂದ ಗಾಳಿ ಒತ್ತಿ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಪ್ರಕಟಿಸಿ ಈ ಕಲೆಗೆ ದೊಡ್ಡ ಪೆಟ್ಟು ಕೊಟ್ಟರು.

ಸಂಶೋಧನೆಯ ತೊಡಕು ಬೇರೆ. ಗೊರೆಯುವವರು ಯಾರೂ ಗೊರೆಯುವುದಿಲ್ಲ. ಚಿರತೆಯ ಕೂಗು ಗರಗಸದಲ್ಲಿ ಮರ ಕೊಯ್ದಂತಿರುತ್ತದೆಂದು ಬಲ್ಲ ಜೋಯಿಡಾದ ಗೃಹಸ್ಥರೊಬ್ಬರು, ಹೆಂಡತಿ ಮೊಬೈಲಿನಲ್ಲಿ ಹಿಡಿದ ಧ್ವನಿ ಕೇಳಿ, “ಚಿರತಿ ಬಂದಿತ್ತು, ಫಾರೆಸ್ಟ್‌ನೋರಿಗೆ ಹೇಳು” ಎಂದರಂತೆ.

“ಚಿರತಿ ನನ್ನ ಚಾದರ ಎಳಕೊಂಡು ಮಲಗತದೇನ್ರಿ? ಅಂಗಿ ಹಾಕ್ಕೋರಿ, ಹುಬ್ಬಳ್ಳಿ ಬಸ್ಸಿಗೆ ಹೊತ್ತಾತು.”